ಕೊನ್ನೆ ಮರಕ್ಕೆ ಬಣ್ಣದ ಪೆನ್ಸಿಲ್

ಹಸಿರಿನ ಮೇಲೆ ಹಳದಿ ಕೂರುವುದಿಲ್ಲ. ಹೂಬಿಟ್ಟ ಮರವನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆಯಹೊರಟವರು ಪೆನ್ಸಿಲ್ ಚೂಪು ಮಾಡುವ ಮೊದಲೇ ಈ ಮಾತನ್ನು ತಲೆಗೆ ಹಾಕಿಕೊಳ್ಳಬೇಕು. ಪೋಸ್ಟರ್ ಕಲರಿನಲ್ಲಾದರೆ ಎಲೆ ಬಳಿದು, ಒಣಗಿದ ಮೇಲೆ ಹೂವನ್ನು ಚುಕ್ಕಿ ಇಟ್ಟು ಮೆರೆಸಬಹುದು. ಪೆನ್ಸಿಲಿನ ಬಣ್ಣ ತೆಳು. ಅಡಿಯಲ್ಲಿ ಏನಿದೆಯೋ ಅದು ಮೇಲಕ್ಕೆ ಕಾಣುತ್ತಲೇ ಇರುತ್ತದೆ. ಕಡು ಹಸಿರಿನ ಮೇಲೆ ಎಷ್ಟು ಹಳದಿ ತಿಕ್ಕಿದರೂ ಹಸಿರೇ ಒಂದು ಬಗೆ ಬದಲಾಗುತ್ತದೆ, ಹೂವಾಗುವುದಿಲ್ಲ. ಆದ್ದರಿಂದ ಹೂವಿನ ಜಾಗವನ್ನು ಮೊದಲೇ ಕಾದಿಟ್ಟು, ಅದರ ಸುತ್ತಲಿನ ಎಲೆ, ಕೊಂಬೆ, ನೆರಳು, ಗೋಡೆಗಳನ್ನು ಬರೆಯುತ್ತ ಬರಬೇಕು.

ಇಲ್ಲಿ ಕೊನ್ನೆಯನ್ನೇ ಮುಂದಿಟ್ಟುಕೊಂಡಿದ್ದೇವೆ. ಘಟ್ಟದ ಮೇಲೆ ಇದಕ್ಕೆ ಕಕ್ಕೆ ಎನ್ನುತ್ತಾರೆ. ಕಾಸರಗೋಡಿನ ಕಡೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆಯಂಗಳ, ರಸ್ತೆ ಬದಿ, ಗುಡ್ಡೆಯ ಅಂಚಿನಲ್ಲೆಲ್ಲ ಸಿಗುವ ಮರ. ಮಾರ್ಚ್‌ನಿಂದ ಮೇ ತನಕ ಹೂವಿರುತ್ತದೆ. ಆದರೆ ಚಿತ್ರ ಬರೆಯುವವರಿಗೆ ಒಂದು ಗಡುವು ಉಂಟು. ಬಿಸು, ಅಂದರೆ ಸೌರಮಾನ ಯುಗಾದಿ, ಏಪ್ರಿಲ್ 14 ಅಥವಾ 15ಕ್ಕೆ ಬರುತ್ತದೆ. ಅಂದು ಎದ್ದ ಕೂಡಲೇ ನೋಡುವ ಮಂಗಳವಸ್ತುಗಳ ಕಣಿ ಇಡಲು ಕೊನ್ನೆ ಹೂವೇ ಬೇಕು. ಹಿಂದಿನ ದಿನ ಸಂಜೆಯ ಹೊತ್ತಿಗೆ ಕೈಗೆ, ದೋಟಿಗೆ ಎಟಕುವ ಒಂದು ಗೊಂಚಲೂ ಮರದಲ್ಲಿ ಉಳಿದಿರುವುದಿಲ್ಲ, ಕೆಳಗಿನ ಅರ್ಧ ಬೋಳು. ಇಡೀ ಮರವನ್ನು ಬರೆಯುವುದಾದರೆ ಬಿಸುವಿಗೆ ವಾರ, ಹತ್ತು ದಿನ ಮೊದಲೇ ಮುಗಿಸಿಕೊಳ್ಳಿ. ಬೇರೆಯವರ ಅಂಗಳದ ಮರವಾದರೆ ಮನೆಯವರಲ್ಲಿ ಒಂದು ಮಾತು ಕೇಳಿಯೇ ಕೂರಿ. ಹೂ ಕದಿಯಲು ಬಂದವರಲ್ಲ ಎಂದು ಗೊತ್ತಾದರೆ ಕೂರಲು ಕುರ್ಚಿಯೂ ಬರುತ್ತದೆ.

ಹೊತ್ತು ಮತ್ತು ಜಾಗ

ಏಪ್ರಿಲಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂಕಾಲರ ಸುಮಾರಿಗೆ. ಏಳರಿಂದ ಒಂಬತ್ತು ಒಳ್ಳೆಯ ಹೊತ್ತು. ಬಿಸಿಲು ಓರೆಯಾಗಿ ಬೀಳುವುದರಿಂದ ಪ್ರತಿ ಗೊಂಚಲಿಗೂ ಒಂದು ಬೆಳಕಿನ ಮಗ್ಗುಲು, ಒಂದು ನೆರಳಿನ ಮಗ್ಗುಲು ಸಿಗುತ್ತದೆ. ಮಧ್ಯಾಹ್ನ ಕೂತು ಪ್ರಯೋಜನವಿಲ್ಲ, ಅದು ಬರೀ ಸೆಕೆಯ ಮಾತಲ್ಲ: ಕಾಸರಗೋಡು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಏಪ್ರಿಲ್ 23ರ ಆಸುಪಾಸಿನಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ನೆರಳೆಲ್ಲ ಮರದ ಬುಡಕ್ಕೆ ಸರಿದು, ಹೂರಾಶಿ ಚಪ್ಪಟೆಯಾಗಿ ಕಾಣುತ್ತದೆ. ಹನ್ನೊಂದು ದಾಟಿದರೆ ಕಡಲಗಾಳಿಯೂ ಏಳುತ್ತದೆ. ಕೊನ್ನೆಯ ಗೊಂಚಲು ಜೋತುಬಿದ್ದಿರುವ ಕಾರಣ ಸಣ್ಣ ಗಾಳಿಗೂ ಒಂದು ಕಡೆ ನಿಲ್ಲುವುದಿಲ್ಲ. ಸಂಜೆ ನಾಲ್ಕೂವರೆಯ ಮೇಲೆ ಬೆಳಕು ಮತ್ತೆ ಚೆನ್ನಾಗಿರುತ್ತದೆ. ಆದರೆ ಬೇಸಗೆ ಮಳೆಯ ಮೋಡ ಕಟ್ಟುವುದೂ ಆ ಹೊತ್ತಿಗೇ. ಗುಡುಗು ಕೇಳಿದ ಕೂಡಲೇ ಎದ್ದು ಮನೆಯೊಳಗೆ ಹೋಗಿ. ಬಯಲು ಪಾರೆಯ ಮೇಲಾಗಲಿ, ಒಂಟಿ ಮರದ ಅಡಿಯಲ್ಲಾಗಲಿ ಕೂತಿರುವುದು ಮೂರ್ಖತನ.

ಮರ ಎಷ್ಟು ಎತ್ತರವೋ ಅದರ ಎರಡು ಪಾಲು ದೂರದಲ್ಲಿ ಕೂತರೆ ತಲೆ ಎತ್ತದೆ ಇಡೀ ಮರ ಕಾಣುತ್ತದೆ. ಎಂಟು ಮೀಟರಿನ ಮರಕ್ಕೆ ಹದಿನಾರು ಮೀಟರ್, ಅಂದರೆ ಸುಮಾರು ಇಪ್ಪತ್ತೆರಡು ಹೆಜ್ಜೆ. ಇನ್ನೂ ಹತ್ತಿರ ಕೂತರೆ ಕೆಳಗಿನ ಗೊಂಚಲು ದೊಡ್ಡದಾಗಿ, ಮೇಲಿನದು ಕಿರಿದಾಗಿ ಮರ ಹಿಂದಕ್ಕೆ ವಾಲಿದಂತೆ ಬರುತ್ತದೆ. ಒಂದೇ ಕೊಂಬೆ ಬರೆಯುವುದಾದರೆ ಮಾತ್ರ ಹತ್ತಿರ ಹೋಗಿ.

ಕಾಗದ ನೆರಳಿನಲ್ಲಿರಬೇಕು, ಮರ ಬಿಸಿಲಿನಲ್ಲಿ. ಬಿಸಿಲು ಕಾಗದದ ಮೇಲೆಯೇ ಬಿದ್ದರೆ ಹಾಕಿದ ಬಣ್ಣವೆಲ್ಲ ತೆಳುವಾಗಿ ಕಂಡು, ಇನ್ನೂ ಇನ್ನೂ ತಿಕ್ಕುತ್ತೀರಿ. ಮನೆಗೆ ತಂದು ನೋಡಿದರೆ ಮಸಿ ಹಿಡಿದ ಹಾಗೆ ಇರುತ್ತದೆ. ತಂಪು ಕನ್ನಡಕವನ್ನೂ ತೆಗೆದಿಡಿ. ತಲೆಗೆ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಇದ್ದರೆ ಬಹಳ ಒಳ್ಳೆಯದು, ಕಣ್ಣಿಗೆ ಕುಕ್ಕುವುದು ನಿಲ್ಲುತ್ತದೆ. ನೆರಳಿಗೆಂದು ಗೇರುಮರದ ಅಡಿ ಕೂರುವ ಮುನ್ನ ಒಮ್ಮೆ ಮೇಲೆ ನೋಡಿ. ಎಲೆಗಳನ್ನು ಅಂಟಿಸಿ ಗೂಡು ಕಟ್ಟಿದ ಚಗಳಿ ಇರುವೆ ಇದ್ದರೆ ಅಲ್ಲಿ ಐದು ನಿಮಿಷವೂ ಕೂರಲಾಗದು.

ಜೊತೆಗೆ ಏನೇನು

ಹನ್ನೆರಡು ಪೆನ್ಸಿಲ್ ಸಾಕು. ನಲವತ್ತೆಂಟರ ಡಬ್ಬಿ ಹೊತ್ತುಕೊಂಡು ಹೋದರೆ ಅರ್ಧ ಹೊತ್ತು ಹುಡುಕುವುದರಲ್ಲೇ ಹೋಗುತ್ತದೆ. ಕೊನ್ನೆಗೆ ಬೇಕಾದದ್ದು: ನಿಂಬೆ ಹಳದಿ, ಕ್ಯಾಡ್ಮಿಯಂ ಹಳದಿ, ಯೆಲ್ಲೋ ಓಕರ್ (ಮಣ್ಣುಹಳದಿ), ಕಿತ್ತಳೆ, ಎಳೆ ಹಸಿರು, ಆಲಿವ್ ಹಸಿರು, ಕಡು ಹಸಿರು, ಬರ್ನ್ಟ್ ಸಿಯೆನ್ನಾ (ಕೆಂಗಂದು), ಸೆಪಿಯಾ (ಕಡುಗಂದು), ಬೂದು, ತೆಳು ನೇರಳೆ, ಇಂಡಿಗೋ. ಕಪ್ಪು ಬೇಡ, ಮನೆಯಲ್ಲೇ ಬಿಟ್ಟುಬನ್ನಿ. ಯಾಕೆಂದು ಮುಂದೆ ಹೇಳುತ್ತೇವೆ.

ಪೆನ್ಸಿಲಿನಲ್ಲಿ ಮೇಣದ್ದು, ಎಣ್ಣೆಯದ್ದು ಎಂದು ಎರಡು ಜಾತಿ. ಪ್ರಿಸ್ಮಾಕಲರ್ ಪ್ರೀಮಿಯರ್ ಮೇಣದ್ದು, ಮೆದು. ಬಣ್ಣ ಸಲೀಸಾಗಿ ಇಳಿಯುತ್ತದೆ, ಆದರೆ ನಮ್ಮ ಏಪ್ರಿಲ್ ಸೆಕೆಗೆ ತುದಿ ಇನ್ನೂ ಮೆತ್ತಗಾಗಿ ಸಣ್ಣ ಗೆರೆ ನಿಲ್ಲುವುದಿಲ್ಲ. ಫೇಬರ್ ಕ್ಯಾಸ್ಟಲ್‌ನ ಪಾಲಿಕ್ರೋಮೋಸ್ ಎಣ್ಣೆಯದ್ದು, ಸ್ವಲ್ಪ ಗಟ್ಟಿ, ಹೊರಗೆ ಕೂತು ಬರೆಯಲು ಅದೇ ವಾಸಿ. ಶಾಲೆಯ ಮಕ್ಕಳ ಡಬ್ಬಿಯಲ್ಲಿಯೂ ಕೆಲಸ ನಡೆಯುತ್ತದೆ. ಬಣ್ಣದ ಅಂಶ ಕಡಿಮೆ ಇರುವುದರಿಂದ ಪದರ ಒಂದೆರಡು ಹೆಚ್ಚು ಹಾಕಬೇಕಾದೀತು ಅಷ್ಟೆ. ಯಾವುದೇ ಆಗಲಿ, ಬೈಕಿನ ಪೆಟ್ಟಿಗೆಯಲ್ಲೋ ಕಾರಿನ ಗಾಜಿನ ಕೆಳಗೋ ಬಿಸಿಲಲ್ಲಿ ಬಿಟ್ಟುಹೋಗಬೇಡಿ. ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಬೀಳಿಸಲೂ ಬೇಡಿ: ಹೊರಗೆ ಏನೂ ಆಗದ ಹಾಗೆ ಕಂಡರೂ ಒಳಗಿನ ಕಡ್ಡಿ ನಾಲ್ಕು ಕಡೆ ತುಂಡಾಗಿರುತ್ತದೆ, ಚೂಪು ಮಾಡಿದಷ್ಟೂ ತುದಿ ಉದುರುತ್ತಲೇ ಹೋಗುತ್ತದೆ.

ಕಾಗದ 150ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ಕಾರ್ಟ್ರಿಡ್ಜ್, ಅಂದರೆ ಚಿತ್ರ ಬರೆಯುವ ದಪ್ಪ ಕಾಗದ, ಎ4 ಅಳತೆ. ಕೈಯಾಡಿಸಿದರೆ ತುಸು ತರಿ ತಾಗಬೇಕು. ಐವರಿ ಶೀಟಿನಂಥ ನುಣುಪು ಕಾಗದ ಎರಡು ಪದರಕ್ಕೇ ಜಾರುತ್ತದೆ. ಕರಾವಳಿಯ ಗಾಳಿಯಲ್ಲಿ ನೀರಿನಂಶ ಜಾಸ್ತಿ, ತೆರೆದಿಟ್ಟ ಕಾಗದ ಮೆತ್ತಗಾಗಿ ಪೆನ್ಸಿಲಿನ ತುದಿ ಗೀರುತ್ತದೆ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಯ್ಯಿರಿ, ಬರೆಯುವಾಗ ಮಾತ್ರ ತೆಗೆಯಿರಿ.

ಇನ್ನುಳಿದದ್ದು ಹಿಟ್ಟಿನಂತೆ ನಾದುವ ರಬ್ಬರ್, ಹೊಸ ಬ್ಲೇಡಿನ ಶಾರ್ಪ್ನರ್, ಎರಡು ಕ್ಲಿಪ್, ಹಳೆ ಬೈರಾಸು, ಮತ್ತು ಶಾಯಿ ಮುಗಿದ ಒಂದು ಬಾಲ್‌ಪೆನ್. ಈ ಕೊನೆಯದ್ದನ್ನು ಮರೆಯಬೇಡಿ.

ಮೊದಲ ಅರ್ಧ ಗಂಟೆ

ಪುಟದ ಮೂಲೆಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಚೌಕ ಹಾಕಿ. ಕಣ್ಣು ಅರೆಮುಚ್ಚಿ ಮರವನ್ನು ನೋಡಿ. ಹೂವೆಲ್ಲ ಕರಗಿ ಮೂರೋ ನಾಲ್ಕೋ ಹಳದಿ ರಾಶಿ, ನಡುವೆ ಕಪ್ಪು ಸಂದು, ಅಷ್ಟೇ ಉಳಿಯುತ್ತದೆ. ಆ ರಾಶಿಗಳನ್ನು ಚೌಕದೊಳಗೆ ಐದು ನಿಮಿಷದಲ್ಲಿ ಗುರುತಿಸಿ. ಬಿಸಿಲು ಯಾವ ಕಡೆಯಿಂದ ಎಂದು ಒಂದು ಬಾಣದ ಗುರುತು ಹಾಕಿ, ಹೊತ್ತೂ ಬರೆದಿಡಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಒಂದೂವರೆ ಗಂಟೆ ಕಳೆದ ಮೇಲೆ ನೆರಳು ಬೇರೆಯೇ ಕಡೆ ಇರುತ್ತದೆ. ಆಗ ಮರವನ್ನು ನಂಬಬೇಡಿ, ಮೂಲೆಯ ಚೌಕವನ್ನು ನಂಬಿ.

ಈಗ ದೊಡ್ಡ ಚಿತ್ರಕ್ಕೆ ಬನ್ನಿ. ಸಾಮಾನ್ಯ ಸೀಸದ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು ಎಲ್ಲರ ಅಭ್ಯಾಸ, ಹಳದಿ ಹೂವಿಗೆ ಅದೇ ವಿಷ. ಗ್ರಾಫೈಟಿನ ಪುಡಿ ಹಳದಿಯಲ್ಲಿ ಬೆರೆತು ಬೂದುಹಸಿರಾಗುತ್ತದೆ, ಆಮೇಲೆ ರಬ್ಬರಿಗೂ ಹೋಗುವುದಿಲ್ಲ. ಯೆಲ್ಲೋ ಓಕರಿನಲ್ಲಿಯೇ ಎಳೆಯಿರಿ, ಕಂಡೂ ಕಾಣದಷ್ಟು ಹಗುರವಾಗಿ. ಕೈ ಪೂರ್ತಿ ಚಾಚಿ ಪೆನ್ಸಿಲನ್ನು ನೆಟ್ಟಗೆ ಹಿಡಿದು ಅಳೆಯಿರಿ: ಕಾಂಡ ಕವಲೊಡೆಯುವ ತನಕ ಎಷ್ಟು, ಅದರ ಎಷ್ಟು ಪಾಲು ಮೇಲಿನ ಕೊಂಬೆ. ಎಳೆಯ ಕೊನ್ನೆಯ ತೊಗಟೆ ಬೂದುಬಣ್ಣ, ನುಣುಪು. ಕೊಂಬೆ ಪ್ರತಿ ಕವಲಿನಲ್ಲಿ ಸ್ವಲ್ಪ ಸ್ವಲ್ಪವೇ ತೆಳುವಾಗುತ್ತದೆ; ಕೊಳವೆಯ ಹಾಗೆ ಒಂದೇ ದಪ್ಪಕ್ಕೆ ಎಳೆದರೆ ಮರ ಸತ್ತ ಹಾಗೆ ಕಾಣುತ್ತದೆ. ಕೊಂಬೆಯನ್ನು ಎಡೆಬಿಡದೆ ಎಳೆಯಲೂ ಬೇಡಿ. ಹೂರಾಶಿ ಅಡ್ಡ ಬಂದಲ್ಲಿ ಗೆರೆ ನಿಲ್ಲಬೇಕು, ಆಚೆ ಮತ್ತೆ ಹೊರಡಬೇಕು.

ಒಂದು ಗೊಂಚಲು, ಹತ್ತಿರದಿಂದ

ಮರದಲ್ಲಿ ನೂರಾರು ಗೊಂಚಲಿದ್ದರೂ ಬಿಡಿಸಿ ಬರೆಯಬೇಕಾದದ್ದು ಏಳೋ ಒಂಬತ್ತೋ. ಉಳಿದದ್ದೆಲ್ಲ ರಾಶಿ. ಆದರೆ ಆ ಏಳನ್ನು ಸರಿಯಾಗಿ ಬರೆಯಬೇಕಾದರೆ ಗೊಂಚಲು ಹೇಗೆ ಕಟ್ಟಿದೆ ಎಂದು ಗೊತ್ತಿರಬೇಕು.

ಉದ್ದ ಒಂದು ಅಡಿ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹೂ ಅರಳುವುದು ಮೇಲಿನಿಂದ, ಅಂದರೆ ಕೊಂಬೆಯ ಕಡೆಯಿಂದ ಕೆಳಕ್ಕೆ. ಹಾಗಾಗಿ ಮೇಲಿನ ಭಾಗದಲ್ಲಿ ಬಿರಿದ ಹೂ, ಕೆಲವು ಉದುರಿ ಉಳಿದ ಬರೀ ತೊಟ್ಟು. ತುದಿಗೆ ಹೋದ ಹಾಗೆ ಹಸಿರು ಬೆರೆತ ಹಳದಿಯ ಉರುಟು ಮೊಗ್ಗು, ಕೊನೆಯಲ್ಲಿ ಕಡಲೆಗಿಂತ ಸಣ್ಣದು. ದ್ರಾಕ್ಷಿ ಗೊಂಚಲಿನ ಹಾಗೆ ಮೇಲಿಂದ ಕೆಳಗಿನ ತನಕ ಒಂದೇ ತರದ ಗುಂಡು ಬರೆಯುವುದು ಎಲ್ಲರೂ ಮಾಡುವ ತಪ್ಪು. ಹೂವಿಗೆ ಐದು ಎಸಳು, ಹತ್ತು ಕೇಸರ, ಅದರಲ್ಲಿ ಮೂರು ಉದ್ದವಾಗಿ ಬಾಗಿ ಮೇಲಕ್ಕೆ ಕೊಕ್ಕೆಯ ಹಾಗೆ ತಿರುಗಿರುತ್ತವೆ. ಹದಿನಾರು ಮೀಟರ್ ದೂರದಿಂದ ಕೇಸರ ಕಾಣುವುದಿಲ್ಲ, ಕಾಣದ್ದನ್ನು ಬರೆಯಬೇಡಿ. ತೊಟ್ಟು ಉದ್ದ, ನೂಲಿನಷ್ಟು ತೆಳು. ಗೊಂಚಲು ಒಳಗೊಳಗೇ ಟೊಳ್ಳಾಗಿ, ಗಾಳಿಯಾಡುವಂತೆ ಕಾಣುವುದು ಈ ತೊಟ್ಟುಗಳಿಂದ.

ಆ ನೂಲನ್ನು ಬರೆಯುವ ಉಪಾಯಕ್ಕೇ ಶಾಯಿ ಮುಗಿದ ಪೆನ್ನು. ಮೊದಲು ಗೊಂಚಲಿನ ಇಡೀ ಜಾಗಕ್ಕೆ ನಿಂಬೆ ಹಳದಿಯನ್ನು ಹಗುರಕ್ಕೆ ತಿಕ್ಕಿ. ಅದರ ಮೇಲೆ ಖಾಲಿ ಪೆನ್ನಿನಿಂದ ಒತ್ತಿ ನಡುದಂಟನ್ನೂ ತೊಟ್ಟುಗಳನ್ನೂ ಗೀರಿ. ಕಾಗದದಲ್ಲಿ ಸಣ್ಣ ಕಾಲುವೆ ಬೀಳುತ್ತದೆ, ಕಣ್ಣಿಗೆ ಏನೂ ಕಾಣದು. ಆಮೇಲೆ ಹಸಿರನ್ನು ಪೆನ್ಸಿಲ್ ಮಲಗಿಸಿ ಅದರ ಮೇಲೆ ಆಡಿಸಿದರೆ ಕಾಲುವೆಯೊಳಗೆ ಹಸಿರು ಇಳಿಯುವುದಿಲ್ಲ. ಕಡು ಹಸಿರಿನ ನಡುವೆ ಹಳದಿ ನೂಲು ತಾನಾಗಿ ಎದ್ದು ಬರುತ್ತದೆ. ಹಳದಿ ತಿಕ್ಕುವ ಮೊದಲೇ ಗೀರಿದರೆ ನೂಲು ಬಿಳಿಯಾಗಿ ಉಳಿಯುತ್ತದೆ, ತಿದ್ದಲಾಗದು. ಚೂಪು ತುದಿಯಿಂದ ಹಸಿರು ಹಾಕಿದರೂ ಕೆಟ್ಟಿತು, ತುದಿ ಕಾಲುವೆಯೊಳಗೇ ಇಳಿಯುತ್ತದೆ. ಬೇರೊಂದು ಚೂರು ಕಾಗದದಲ್ಲಿ ಮೂರು ನಾಲ್ಕು ಸಲ ಮಾಡಿ ನೋಡಿಯೇ ಚಿತ್ರಕ್ಕೆ ಕೈ ಹಾಕಿ.

ಹಳದಿಗೆ ನೆರಳು

ನಿಂಬೆ ಹಳದಿಯ ಮೇಲೆ ಕ್ಯಾಡ್ಮಿಯಂ ಹಳದಿ, ಬಿಸಿಲು ನೇರ ಬಿದ್ದ ಎಸಳುಗಳನ್ನು ಬಿಟ್ಟು ಉಳಿದ ಕಡೆ. ಬಿಸಿಲಿಗೆ ಹೊಳೆಯುವ ಒಂದೆರಡು ಎಸಳು ಬರೀ ಕಾಗದವಾಗಿಯೇ ಇರಲಿ. ರಾಶಿಯ ಕೆಳಮಗ್ಗುಲಿಗೆ ಓಕರ್, ಗೊಂಚಲು ಗೊಂಚಲಿನ ಮೇಲೆ ಬಿದ್ದ ಆಳಕ್ಕೆ ಚೂರು ಕಿತ್ತಳೆ. ಕೊನೆಗೆ, ತೀರ ಹಗುರವಾಗಿ ತೆಳು ನೇರಳೆ. ಹಳದಿಗೆ ನೇರಳೆ ಎದುರು ಬಣ್ಣ. ಎರಡೂ ಬೆರೆತಾಗ ಹಳದಿಯ ಕಣ್ಣುಕುಕ್ಕು ಇಳಿದು ನಿಜವಾದ ನೆರಳಿನ ಹಾಗೆ ತಣ್ಣಗಾಗುತ್ತದೆ. ಒಂದು ಪದರ ಸಾಕು, ಎರಡಾದರೆ ಕೊಳೆತ ಬಾಳೆಹಣ್ಣಿನ ಬಣ್ಣ.

ಕಪ್ಪನ್ನು ಬೇಡವೆಂದದ್ದು ಇದಕ್ಕೇ. ಹಳದಿಗೆ ಕಪ್ಪು ಸೇರಿದರೆ ಪಾಚಿಹಸಿರಾಗುತ್ತದೆ. ನೆರಳು ಹಾಕಿದೆವು ಎಂದುಕೊಂಡವರು ಹೂವನ್ನು ಎಲೆ ಮಾಡಿಬಿಟ್ಟಿರುತ್ತಾರೆ.

ಒತ್ತುವುದನ್ನು ಆದಷ್ಟು ತಡಮಾಡಿ. ಪೆನ್ಸಿಲನ್ನು ತುದಿಯಿಂದ ದೂರ ಹಿಡಿದು, ಕೈಯ ಭಾರ ಹಾಕದೆ ನಾಲ್ಕೈದು ಪದರ ಹಾಕಿ. ಮೊದಲೇ ಒತ್ತಿ ತಿಕ್ಕಿದರೆ ಕಾಗದದ ತರಿಯಲ್ಲಿ ಮೇಣ ತುಂಬಿ ಮೇಲ್ಮೈ ಗಾಜಿನಂತಾಗುತ್ತದೆ, ಮುಂದಿನ ಬಣ್ಣ ಹತ್ತುವುದಿಲ್ಲ. ಹಾಗಾದ ಜಾಗವನ್ನು ನಾದುವ ರಬ್ಬರಿನಿಂದ ಒತ್ತಿ ಒತ್ತಿ ಎತ್ತಿದರೆ ಸ್ವಲ್ಪ ಬಿಡುತ್ತದೆ. ಉಜ್ಜಿದರೆ ಸುತ್ತೆಲ್ಲ ಹರಡುತ್ತದೆ.

ಹಸಿರು ಮುಟ್ಟಿದ ಕಾಗದದ ಮೇಲೆ ಹಳದಿ ಪೆನ್ಸಿಲ್ ಆಡಿದರೆ ಅದರ ತುದಿಗೆ ಹಸಿರು ಹತ್ತಿಕೊಳ್ಳುತ್ತದೆ. ಗಮನಿಸದೆ ಮುಂದಿನ ಹೂವಿಗೆ ಹೋದರೆ ಅಲ್ಲಿ ಗೀರು ಬಿತ್ತು. ತುದಿಯನ್ನು ಆಗಾಗ ಬೈರಾಸಿಗೆ ಒರೆಸುತ್ತಿರಿ. ಬೆವರುವ ಅಂಗೈಯ ಅಡಿಗೆ ಒಂದು ಚೂರು ಕಾಗದ ಇರಲೇಬೇಕು.

ಹಸಿರು, ಕಂದು, ಕೆಂಪು

ಹೂವಿನ ಕಾಲದಲ್ಲಿ ಕೊನ್ನೆಯಲ್ಲಿ ಎಲೆ ಕಡಿಮೆ. ಇದ್ದದ್ದರಲ್ಲಿ ಕೆಲವು ಹಳತು, ಕೆಲವು ತಾಮ್ರದ ಛಾಯೆಯ ಚಿಗುರು. ಚಿಗುರಿಗೆ ಎಳೆ ಹಸಿರಿನ ಮೇಲೆ ಬರ್ನ್ಟ್ ಸಿಯೆನ್ನಾ ಒಂದು ಸಲ. ರಾಶಿಗಳ ನಡುವಿನ ಸಂದಿಗೆ ಆಲಿವ್, ಅದರ ಮೇಲೆ ಕಡು ಹಸಿರು, ತೀರ ಆಳಕ್ಕೆ ಇಂಡಿಗೋ. ಚಿತ್ರ ಗೆಲ್ಲುವುದೂ ಸೋಲುವುದೂ ಈ ಸಂದಿಗಳಲ್ಲಿ. ಹೂ ಮಂಕಾಗಿ ಕಂಡಾಗ ಕೈ ಹಳದಿ ಪೆನ್ಸಿಲಿಗೇ ಹೋಗುತ್ತದೆ. ತಡೆಯಿರಿ, ಪಕ್ಕದ ಸಂದನ್ನು ಇನ್ನೊಂದು ಪದರ ಗಾಢವಾಗಿಸಿ. ಹೂ ತಾನೇ ಬೆಳಗುತ್ತದೆ.

ಕಳೆದ ವರ್ಷದ ಕಾಯಿ ಮರದಲ್ಲಿ ಇನ್ನೂ ನೇತಾಡುತ್ತಿದ್ದರೆ ಬಿಡಬೇಡಿ. ಒಂದರಿಂದ ಎರಡು ಅಡಿ ಉದ್ದದ ಕಡುಕಂದು ಕೋಲು. ಸೆಪಿಯಾದಲ್ಲಿ ಎರಡೋ ಮೂರೋ ಗೆರೆ ಹಾಕಿದರೆ ಸಾಕು, ಇದು ಕೊನ್ನೆಯೇ ಎಂದು ಯಾರಿಗೂ ಹೇಳಬೇಕಾಗಿಲ್ಲ.

ಹಿಂದುಗಡೆ ಏನಿದೆ ಎಂದು ನೋಡಿ ಕೂರುವ ಜಾಗ ಆರಿಸಿ. ಏಪ್ರಿಲಿನ ಕರಾವಳಿ ಆಕಾಶ ನೀಲಿಯಲ್ಲ, ಹೆಚ್ಚುಕಡಿಮೆ ಬಿಳಿ. ಅದರ ಎದುರು ಹಳದಿ ಸೊರಗುತ್ತದೆ, ಇಲ್ಲದ ನೀಲಿ ತುಂಬಿದರೆ ಕ್ಯಾಲೆಂಡರಿನ ಚಿತ್ರವಾಗುತ್ತದೆ. ಅಡಿಕೆ ತೋಟದ ಕತ್ತಲೆಯೋ ಹಳೆ ಮುರಕಲ್ಲಿನ ಪಾಗಾರವೋ ಹಿಂದಿದ್ದರೆ ಕೆಲಸ ಅರ್ಧ ಆದಂತೆ. ಅನಂತಪುರದ ಕೆರೆ ದೇವಸ್ಥಾನದ ಸುತ್ತಿನ ಪಾರೆಯಲ್ಲಾಗಲಿ ಬೇಕಲ ಕೋಟೆಯ ಗೋಡೆಯಲ್ಲಾಗಲಿ ನೋಡಿ, ಮುರಕಲ್ಲು ಒಂದೇ ಕೆಂಪಲ್ಲ. ಹೊಸದಾಗಿ ಕಡಿದ ಕಲ್ಲು ಕಿತ್ತಳೆಗೆಂಪು. ನಾಲ್ಕು ಮಳೆ ಕಂಡದ್ದು ಕರಿಗಟ್ಟಿ ನೇರಳೆಗೆ ತಿರುಗಿರುತ್ತದೆ, ತೂತುಗಳು ಕಪ್ಪು. ಬರ್ನ್ಟ್ ಸಿಯೆನ್ನಾ ಹಾಕಿ, ಮೇಲೆ ತೆಳು ನೇರಳೆ, ತೂತಿಗೆ ಸೆಪಿಯಾ. ಕಲ್ಲು ಕಲ್ಲಿನ ಸಂದನ್ನೆಲ್ಲ ಎಣಿಸಿ ಬರೆಯಬೇಡಿ, ಮೂರು ನಾಲ್ಕು ಕಲ್ಲು ಸ್ಪಷ್ಟವಿದ್ದರೆ ಉಳಿದ ಗೋಡೆ ತಾನಾಗಿ ಕಟ್ಟಿಕೊಳ್ಳುತ್ತದೆ. ಬುಡದಲ್ಲಿ ಉದುರಿದ ಎಸಳಿಗೂ ಮೊದಲೇ ನಿಂಬೆ ಹಳದಿ ಚುಕ್ಕಿ ಇಟ್ಟು ಅದರ ಸುತ್ತ ಮಣ್ಣಿನ ಬಣ್ಣ ಹಾಕಬೇಕು. ಅದನ್ನು ಕೊನೆಗಿಟ್ಟುಕೊಂಡರೆ ಮತ್ತೆ ಅದೇ ಕತೆ, ಕಂದಿನ ಮೇಲೆ ಹಳದಿ ಕೂರುವುದಿಲ್ಲ.

ಬೇರೆ ಮರಗಳಾದರೆ

ಬೂರುಗ, ಮುತ್ತುಗ, ಹೊಂಗಾರೆ ಕೊನ್ನೆಗಿಂತ ಮೊದಲೇ, ಫೆಬ್ರವರಿ ಮಾರ್ಚಿಗೆ ಮುಗಿಸಿಕೊಳ್ಳುತ್ತವೆ. ಎಲೆಯಿಲ್ಲದ ಮರಗಳಾದ್ದರಿಂದ ಹೊಸಬರಿಗೆ ಇವೇ ಸುಲಭ: ಕೊಂಬೆ ಸ್ಪಷ್ಟ, ಕೆಂಪು ದಟ್ಟ. ಬೂರುಗದ ಕೊಂಬೆ ಕಾಂಡದಿಂದ ಸುತ್ತಲೂ ಅಡ್ಡಡ್ಡವಾಗಿ, ಅಂತಸ್ತು ಅಂತಸ್ತಾಗಿ ಹೊರಡುತ್ತದೆ. ಅದು ತಪ್ಪಿದರೆ ಹೂ ಎಷ್ಟು ಚೆಂದವಿದ್ದರೂ ಬೂರುಗವಲ್ಲ. ಮುತ್ತುಗದ ಕಿತ್ತಳೆ ಉರಿಯುವುದು ಅದರ ಬುಡದ ಮಖಮಲ್ಲಿನಂಥ ಕಡುಗಂದು ಪುಷ್ಪಪಾತ್ರೆಯಿಂದ, ಮೊದಲು ಕಿತ್ತಳೆ ಹಾಕಿ ಸೆಪಿಯಾವನ್ನು ಆಮೇಲೆ ಇಡಿ. ಮಾವು, ಗೇರಿನ ಹೂ ದೂರಕ್ಕೆ ಹೂವಾಗಿ ಕಾಣುವುದೇ ಇಲ್ಲ, ಎಲೆಯ ಮೇಲೆ ತಿಳಿಗೆಂಪು ಹೊಗೆ ಕೂತಂತೆ. ಅಲ್ಲಿಯೂ ಖಾಲಿ ಪೆನ್ನಿನ ಗೀರು ಬೇಕಾಗುತ್ತದೆ.

ಹೊಳೆದಾಸವಾಳ ಕೊನ್ನೆಯ ಬೆನ್ನಿಗೇ ಅರಳುತ್ತದೆ. ಅದರ ತೊಂದರೆ ಬೇರೆ: ಗುಲಾಬಿ, ನೇರಳೆ ಪೆನ್ಸಿಲುಗಳೇ ಬೆಳಕಿಗೆ ಬೇಗ ಮಾಸುವಂಥವು. ಗೋಡೆಗೆ ಹಾಕುವ ಚಿತ್ರವಾದರೆ ಪೆನ್ಸಿಲಿನ ಮೈಮೇಲೆ ಮುದ್ರಿಸಿದ ನಕ್ಷತ್ರದ ಗುರುತು ನೋಡಿ ಕೊಳ್ಳಿ, ಸಾಮಾನ್ಯವಾಗಿ ನಕ್ಷತ್ರ ಹೆಚ್ಚಿದ್ದಷ್ಟು ಬಾಳಿಕೆ ಹೆಚ್ಚು.

ಮನೆಗೆ ಬಂದ ಮೇಲೆ

ಒಂಬತ್ತೂವರೆಗೆ ಎದ್ದುಬಿಡಿ, ಚಿತ್ರ ಮುಗಿಯದಿದ್ದರೂ. ಬೆಳಕು ಬದಲಾದ ಮೇಲೆ ತಿದ್ದಿದ್ದು ಬಹಳ ಸಲ ಕೆಟ್ಟದ್ದೇ. ಉಳಿದ ಸಂದಿಯ ಕತ್ತಲೆ, ಗೋಡೆಯ ಪದರಗಳನ್ನು ಮನೆಯಲ್ಲಿ ಮೂಲೆಯ ಚೌಕ ನೋಡಿಕೊಂಡು ತುಂಬಬಹುದು. ಬಿಸಿಲು ಬಿದ್ದ ಹೂವಿಗೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ. ಬೇಕೆಂದರೆ ಮರುದಿನ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಹೋಗಿ. ಕೂತಲ್ಲಿ ಒಂದು ಕಲ್ಲು ಇಟ್ಟುಬಂದರೆ ಹುಡುಕಬೇಕಾಗಿಲ್ಲ. ಮೂರನೆಯ ದಿನ ಆಸೆ ಬಿಡಿ, ಗೊಂಚಲೇ ಬೇರೆಯಾಗಿರುತ್ತದೆ.

ಮೇಣದ ಪೆನ್ಸಿಲಿನಲ್ಲಿ ದಪ್ಪಗೆ ಹಾಕಿದ ಕಡು ಹಸಿರಿನ ಮೇಲೆ ಕೆಲವು ದಿನಗಳಲ್ಲಿ ಬೂಷ್ಟಿನಂಥ ಬಿಳಿ ಮಬ್ಬು ಬರುತ್ತದೆ. ಅದು ಬೂಷ್ಟಲ್ಲ, ಮೇಲಕ್ಕೆ ಬಂದ ಮೇಣ. ಮೆತ್ತನೆಯ ಹತ್ತಿಬಟ್ಟೆಯಲ್ಲಿ ಹಗುರವಾಗಿ ಒರೆಸಿದರೆ ಹೋಗುತ್ತದೆ. ಒರೆಸಿದ ಮೇಲೆ ಬಣ್ಣ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇಯನ್ನು ಒಂದಡಿ ದೂರದಿಂದ ಎರಡು ಸಲ ತೆಳ್ಳಗೆ ಹೊಡೆದರೆ ಮತ್ತೆ ಬರುವುದು ಕಡಿಮೆ. ಹೊಡೆಯುವುದು ಕಿಟಕಿ ತೆರೆದಿಟ್ಟು, ಮಕ್ಕಳು ಪಕ್ಕದಲ್ಲಿಲ್ಲದಾಗ. ನಿಜವಾದ ಬೂಷ್ಟಿನ ಹೆದರಿಕೆ ಇರುವುದು ಜೂನಿನ ನಂತರ: ಪುಟಗಳ ನಡುವೆ ಬಟರ್ ಪೇಪರ್ ಇಟ್ಟು, ಮಳೆ ಹಿಡಿಯುವ ಮೊದಲು ಪುಸ್ತಕವನ್ನು ಗೋಡೆಗೆ ತಾಗದ ಕಪಾಟಿಗೆ ಸೇರಿಸಿ.